ಮನೆಯಲ್ಲಿ ರಾಗಿಯಿದೆ, ಅಕ್ಕಿಯಿದೆ. ಆದರೂ ಕೂಸಿನ ತೂಕ ಏಕೆ ಏರುತ್ತಿಲ್ಲ?

ಪ್ರಶ್ನೆ: ಅಂಗನವಾಡಿ ಕಾರ್ಯಕರ್ತೆ, ಚಳ್ಳಕೆರೆ ತಾಲ್ಲೂಕು

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹನ್ನೊಂದು ವರ್ಷಗಳಿಂದ ಅಂಗನವಾಡಿ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ. ಒಂದು ಮನೆಯ ಸಂಗತಿಯನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಮನೆಯವರ ಗುರುತು ಹತ್ತಬಾರದೆಂದು ಹಟ್ಟಿಯ ಹೆಸರನ್ನು ಬರೆದಿಲ್ಲ.

ಕೂಸಿಗೆ ಈಗ 16 ತಿಂಗಳು, ಹೆಣ್ಣು. ಹುಟ್ಟಿದಾಗ 2.4 ಕೆಜಿ ಇತ್ತು. ಹತ್ತನೆಯ ತಿಂಗಳಿನಲ್ಲಿ 7 ಕೆಜಿ ತೂಗಿತ್ತು. ಆಗ ನನಗೇನೂ ಆತಂಕವಾಗಿರಲಿಲ್ಲ. ಮೊನ್ನೆ ತೂಗಿದಾಗ 7.2 ಕೆಜಿ. ಆರು ತಿಂಗಳಿಗೆ 200 ಗ್ರಾಂ ಮಾತ್ರ. ತೋಳಿನ ಸುತ್ತಳತೆಯ ಪಟ್ಟಿ 11.9 ಸೆಂಟಿಮೀಟರ್ ತೋರಿಸಿತು, ಅಂದರೆ ಹಳದಿ, ಮಧ್ಯಮ ಅಪೌಷ್ಟಿಕತೆ.

ಆ ಮನೆಯಲ್ಲಿ ಉಣ್ಣುವುದಕ್ಕೆ ಇಲ್ಲ ಎನ್ನುವಂತಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಎರಡು ಚೀಲ ರಾಗಿ ಇರುವುದನ್ನು ನಾನೇ ನೋಡಿದ್ದೇನೆ. ಐದು ಜನರ ಕಾರ್ಡಿಗೆ ಪ್ರತಿ ತಿಂಗಳೂ ಅಕ್ಕಿ ಬರುತ್ತದೆ. ನಮ್ಮ ಕೇಂದ್ರದಿಂದ ಚಿಕ್ಕ ಮಕ್ಕಳಿಗೆಂದು ಕೊಡುವ ಪೂರಕ ಆಹಾರವಾದ ಪುಷ್ಟಿ ಪುಡಿಯ ಪೊಟ್ಟಣವೂ ಹೋಗುತ್ತದೆ. ಒಂದು ಎಮ್ಮೆ ಕರೆಯುತ್ತಿದೆ, ಹಾಲನ್ನು ಡೈರಿಗೆ ಹಾಕುತ್ತಾರೆ. ಕೂಸಿನ ತಂದೆ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾರೆ. ತಾಯಿ ಬೆಳಿಗ್ಗೆ ಏಳು ಗಂಟೆಗೆ ಆಟೋ ಹತ್ತಿ ಕೂಲಿಗೆ ಹೋದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೂ ಕೂಸನ್ನೂ ಐದು ವರ್ಷದ ಅದರ ಅಕ್ಕನನ್ನೂ ನೋಡಿಕೊಳ್ಳುವವರು ಅಜ್ಜಿ.

ಈಚೆಗೆ ಒಂದು ಸಮೀಕ್ಷೆಯವರು ಬಂದಿದ್ದರು. ಕಳೆದ ನಾಲ್ಕು ವಾರಗಳಲ್ಲಿ ಊಟಕ್ಕೆ ಕೊರತೆಯಾಗಿತ್ತೇ, ಯಾರಾದರೂ ಉಪವಾಸ ಮಲಗಿದ್ದರೇ ಎಂದು ಅಜ್ಜಿಯನ್ನು ಕೇಳಿದರು. "ದೇವ್ರು ಕೊಟ್ಟಿದ್ದು ಐತವ್ವಾ, ಹೊಟ್ಟೆಗೇನೂ ಕಮ್ಮಿ ಇಲ್ಲ" ಎಂದು ಅಜ್ಜಿ ಹೇಳಿದರು. ಆ ಮನೆಗೆ ಆಹಾರ ಭದ್ರತೆ ಇದೆ ಎಂದು ಬರೆದುಕೊಂಡು ಹೋದರು. ಅಜ್ಜಿ ಸುಳ್ಳು ಹೇಳಲಿಲ್ಲ, ಬರೆದುಕೊಂಡವರೂ ತಪ್ಪು ಬರೆಯಲಿಲ್ಲ. ಆದರೆ ನನ್ನ ಕೈಯಲ್ಲಿರುವ ಪಟ್ಟಿಯೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಆ ಮನೆಯಲ್ಲಿ ನಾನು ಏನನ್ನು ನೋಡದೆ ಬಿಟ್ಟಿದ್ದೇನೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ದಾವಣಗೆರೆ

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಜಗಳೂರು ಕಡೆಯ ಹಳ್ಳಿಗಳಲ್ಲಿ ಇಂಥ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಬಡತನವಿರುವಲ್ಲೆಲ್ಲ ಕೂಸು ಬಡಕಲಾಗುತ್ತದೆ ಎಂದೂ, ಕಾಳುಕಡಿ ಇರುವ ಮನೆಯಲ್ಲಿ ಕೂಸು ಗುಂಡಗಿರುತ್ತದೆ ಎಂದೂ ನಾವು ತಿಳಿದುಕೊಂಡಿರುತ್ತೇವೆ. ಆದರೆ ಚೀಲದಲ್ಲಿರುವ ರಾಗಿಗೂ ಕೂಸಿನ ಬಾಯಿಗೂ ನಡುವೆ ಬಹಳ ದೂರವಿದೆ. ಆ ದೂರವನ್ನು ಯಾರು, ದಿನಕ್ಕೆ ಎಷ್ಟು ಸಲ, ಎಷ್ಟು ಗಟ್ಟಿಯಾದ ಆಹಾರ ಹಿಡಿದು ದಾಟುತ್ತಾರೆ ಎನ್ನುವುದನ್ನು ನೀವು ಹೋಗಿ ಕೂತು ನೋಡಬೇಕು.

ಮೊದಲು ಅಜ್ಜಿ ಗಂಜಿ ಕಾಯಿಸುವಾಗ ಒಲೆಯ ಪಕ್ಕದಲ್ಲಿ ಕೂತುಕೊಳ್ಳಿ. ಕೇಳಿ ತಿಳಿಯುವ ವಿಷಯವಲ್ಲ ಇದು, ಕಣ್ಣಿಂದಲೇ ನೋಡಬೇಕಾದದ್ದು. ಗಟ್ಟಿಯಾಗಿ ಕೊಟ್ಟರೆ ಕೂಸಿಗೆ ಅರಗುವುದಿಲ್ಲ, ಗಂಟಲಿಗೆ ಸಿಕ್ಕೀತು ಎಂಬ ಭಯದಿಂದ ಅಜ್ಜಿಯರು ಲೋಟ ತುಂಬ ನೀರಿಗೆ ಎರಡು ಚಮಚ ಹಿಟ್ಟು ಕದಡಿ ಕುಡಿಸುವುದೇ ಹೆಚ್ಚು. 100 ಮಿಲಿ ಲೀಟರ್ ನೀರಿಗೆ 10 ಗ್ರಾಂ ರಾಗಿ ಹಿಟ್ಟು ಹಾಕಿದರೆ ಸಿಗುವ ಶಕ್ತಿ ಸುಮಾರು 33 ಕ್ಯಾಲೊರಿ. ಅಷ್ಟೇ ಅಳತೆಯ ಎದೆಹಾಲಿನಲ್ಲಿ ಇದರ ಎರಡು ಪಟ್ಟು ಶಕ್ತಿ ಇರುತ್ತದೆ. ಅಂದರೆ ಎದೆಹಾಲು ಸಾಲದು ಎಂದು ನಾವು ಕೊಡಲು ತೊಡಗಿದ ಆಹಾರ ಎದೆಹಾಲಿಗಿಂತ ತೆಳ್ಳಗಾಗಿರುತ್ತದೆ. 7 ಕೆಜಿಯ ಕೂಸಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಸುಮಾರು 200 ಮಿಲಿ ಲೀಟರ್. ಅಷ್ಟನ್ನೂ ಈ ಗಂಜಿಯಿಂದ ತುಂಬಿಸಿದರೆ ಕೂಸು ತೃಪ್ತಿಯಿಂದ ನಿದ್ದೆ ಮಾಡುತ್ತದೆ, ಅಜ್ಜಿಗೂ ಸಮಾಧಾನವಾಗುತ್ತದೆ, ಒಳಗೆ ಹೋದದ್ದು ಮಾತ್ರ 66 ಕ್ಯಾಲೊರಿ. ದಿನಕ್ಕೆ ಮೂರು ಸಲ ಕುಡಿದರೂ 200. ಒಂದು ವರ್ಷ ತುಂಬಿದ ಕೂಸಿಗೆ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 550 ಕ್ಯಾಲೊರಿ ಹೊರಗಿನ ಆಹಾರದಿಂದ ಬರಬೇಕು. ಆರು ತಿಂಗಳಿನಿಂದ ತೂಕ ನಿಂತಿರುವುದಕ್ಕೆ ಬೇರೆ ಕಾರಣವನ್ನು ಹುಡುಕುವ ಮೊದಲು ಈ ಲೆಕ್ಕವನ್ನು ಹಾಕಿ ನೋಡಿ.

ಇದಕ್ಕೆ ನಮ್ಮ ಹಿರಿಯರಲ್ಲೇ ದಾರಿಯಿತ್ತು. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನಲ್ಲಿ ರಾಗಿಸರಿ ಮಾಡಿದರೆ ಅದು ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಮೊಳಕೆಯಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಅದೇ ನೀರಿಗೆ ಸುಮಾರು ಎರಡು ಪಟ್ಟು ಹಿಟ್ಟು ಹಾಕಿದರೂ ಕೂಸು ಸಲೀಸಾಗಿ ನುಂಗುವಷ್ಟು ಸಡಿಲವಾಗಿಯೇ ಇರುತ್ತದೆ. ಕೆಂಪಗಾಗುವಷ್ಟು ಹುರಿದರೆ ಆ ಗುಣ ಹೋಗುತ್ತದೆ ಎಂಬುದನ್ನು ಅಜ್ಜಿಗೆ ಹೇಳಿ. ಮೊಳಕೆ ಬರಿಸುವುದರಿಂದ ರಾಗಿಯ ಕಬ್ಬಿಣವೂ ಮೈಗೆ ಹೆಚ್ಚು ಹತ್ತುತ್ತದೆ. ಅಂಥ 200 ಮಿಲಿ ಲೀಟರ್ ಸರಿಗೆ ಎರಡು ಚಮಚ ಶೇಂಗಾ ಪುಡಿ ಮತ್ತು ಒಂದು ಚಿಕ್ಕ ಚಮಚ ಎಣ್ಣೆ ಸೇರಿದರೆ 200 ಕ್ಯಾಲೊರಿ ದಾಟುತ್ತದೆ. ಹೊಟ್ಟೆ ಅಷ್ಟೇ, ಲೋಟವೂ ಅದೇ.

ಎರಡನೆಯ ಮಾತು ಪುಷ್ಟಿಯದು. ಅದು ಮನೆಗೆ ಹೋದ ಮೇಲೆ ಕೂಸಿನದಾಗಿ ಉಳಿಯುವುದು ಅಪರೂಪ. ಅಕ್ಕನಿಗೂ ಪಾಲು ಬೇಕು, ನೆಂಟರ ಮಕ್ಕಳು ಬಂದರೆ ಅವರಿಗೂ ಉಂಡೆ ಕಟ್ಟಬೇಕು. ಇದಕ್ಕೆ ತಾಯಿಯನ್ನು ಬೈದು ಪ್ರಯೋಜನವಿಲ್ಲ. ಒಂದು ಮಗುವಿಗೆ ಕೊಟ್ಟು ಇನ್ನೊಂದನ್ನು ನೋಡುತ್ತಾ ಕೂರಿಸುವ ಕೈ ಯಾವ ತಾಯಿಗೂ ಇಲ್ಲ. ಪೊಟ್ಟಣ ಒಡೆದ ದಿನವೇ ಕೂಸಿನ ಪಾಲನ್ನು ಬೇರೆ ಡಬ್ಬಿಗೆ ಸುರಿಸಿ, ಒಂದು ಅಳತೆಯ ಚಮಚವನ್ನು ಅದರೊಳಗೇ ಇಡಿಸಿ.

ಇನ್ನು ಮುಂದೆ ಆ ಮನೆಯಲ್ಲಿ "ಕೂಸು ಉಂಡಿತೇ?" ಎಂದು ಕೇಳಬೇಡಿ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು, ಯಾವ ಬಟ್ಟಲಿನಲ್ಲಿ, ಬಟ್ಟಲಿನ ಎಷ್ಟು ಭಾಗ, ಯಾರ ಕೈಯಿಂದ ಎಂದು ಕೇಳಿ. ಆ ಬಟ್ಟಲನ್ನು ತರಿಸಿ ನೋಡಿ.

ಉತ್ತರ: ಮಕ್ಕಳ ವಾರ್ಡಿನ ಶುಶ್ರೂಷಕಿ, ಚಿತ್ರದುರ್ಗ

ಮೇಡಂ ಅವರು ಹೇಳಿದ ಗಂಜಿಯ ಲೆಕ್ಕ ಸರಿಯಾಗಿದೆ, ಆದರೆ ಊಟವನ್ನು ಸರಿಪಡಿಸುವ ಮೊದಲು ಕೂಸಿಗೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪಟ್ಟಿಯಲ್ಲಿ 11.5ಕ್ಕಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರವರೆಗೆ ಹಳದಿ. ನಿಮ್ಮ ಕೂಸು ಕೆಂಪಿಗೆ ನಾಲ್ಕು ಮಿಲಿಮೀಟರ್ ಮಾತ್ರ ದೂರದಲ್ಲಿದೆ. ಒಂದು ವಾರ ಭೇದಿಯಾದರೆ ಆ ನಾಲ್ಕು ಮಿಲಿಮೀಟರ್ ಉಳಿಯುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಅಳೆಯುವುದು ಸಾಲದು, ವಾರಕ್ಕೊಮ್ಮೆ ಅಳೆಯಿರಿ. ಎತ್ತರವನ್ನೂ ಅಳೆದು ಎತ್ತರಕ್ಕೆ ತಕ್ಕ ತೂಕವನ್ನು ನೋಡಿ. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ, ಗುಳಿ ಬಿದ್ದು ಹಾಗೆಯೇ ಉಳಿದರೆ ಪಟ್ಟಿಯ ಬಣ್ಣ ಯಾವುದೇ ಇರಲಿ, ತಡಮಾಡದೆ ಆಸ್ಪತ್ರೆಗೆ ಕಳುಹಿಸಿ.

ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯೇ ಎಂದು ಕೇಳಿ. ಹೊರಗೆ ದುಡಿಯಲು ಹೋಗಿ ಬರುವವರಿರುವ ಮನೆಯಲ್ಲಿ ಇದನ್ನು ಮರೆಯಬಾರದು. ಕಳೆದ ಆರು ತಿಂಗಳಲ್ಲಿ ಕೂಸಿಗೆ ಎಷ್ಟು ಸಲ ಭೇದಿಯಾಯಿತು ಎಂಬುದನ್ನೂ ಕೇಳಿ, ಏಕೆಂದರೆ ಭೇದಿಯಾದಾಗ ಅನ್ನ ನಿಲ್ಲಿಸಿ ಬರೀ ನೀರು ಗಂಜಿ ಕೊಡುವ ರೂಢಿ ನಮ್ಮ ಕಡೆ ಇನ್ನೂ ಹೋಗಿಲ್ಲ. ಓಆರ್‌ಎಸ್ ಜೊತೆಗೆ 14 ದಿನ ಸತುವಿನ ಮಾತ್ರೆಯನ್ನು ಕೊಡಬೇಕು, ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು, ವಾಸಿಯಾದ ಮೇಲೆ ಕೆಲವು ದಿನ ಒಂದು ಹೊತ್ತಿನ ಊಟವನ್ನು ಹೆಚ್ಚಾಗಿಯೇ ಕೊಡಬೇಕು.

ರಕ್ತಹೀನತೆಯ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ, ಶೇಕಡಾ 19.5ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಆದರೆ ಆರು ತಿಂಗಳು ತುಂಬಿದ ಮಕ್ಕಳಲ್ಲಿ ರಕ್ತಹೀನತೆ ಇದ್ದದ್ದು ಶೇಕಡಾ 65.5ರಷ್ಟು ಮಕ್ಕಳಿಗೆ. ರಕ್ತ ಕಡಿಮೆಯಿರುವ ಕೂಸಿಗೆ ಹಸಿವೂ ಕಡಿಮೆಯಾಗಬಹುದು. ಬಟ್ಟಲು ತುಂಬ ಸರಿ ಮಾಡಿಟ್ಟರೂ ಎರಡು ತುತ್ತಿಗೆ ಮುಖ ತಿರುಗಿಸುತ್ತದೆ. ವಾರಕ್ಕೆ ಎರಡು ಸಲ 1 ಮಿಲಿ ಲೀಟರ್ ಕಬ್ಬಿಣದ ಸಿರಪ್ಪು ಕೊಡುವುದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಬಾಟಲಿ ಮನೆಯಲ್ಲಿ ಒಡೆಯದೆ ಕೂತಿಲ್ಲವೇ ಎಂದು ನೋಡಿ.

ಕೆಂಪಿಗೆ ಇಳಿದು ಜ್ವರವೋ ಭೇದಿಯೋ ಜೊತೆಗಿದ್ದರೆ, ಅಥವಾ ಊಟವನ್ನೇ ಒಲ್ಲೆನೆಂದರೆ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಿಸಬೇಕಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡು ವಾರ ಇರಬೇಕು, ತಾಯಿಯ ಕೂಲಿ ನಷ್ಟಕ್ಕೆ ಭತ್ಯೆಯೂ ಇದೆ. ನಮ್ಮ ವಾರ್ಡಿನಲ್ಲಿ ನನ್ನ ಮನಸ್ಸನ್ನು ಹಿಂಡುವುದು ಒಂದೇ ದೃಶ್ಯ: ಕೂಸು ಚೇತರಿಸಿಕೊಂಡು ನಗಲು ತೊಡಗಿದ ಐದನೆಯ ದಿನಕ್ಕೇ, ಮನೆಯಲ್ಲಿ ದೊಡ್ಡ ಮಗುವನ್ನು ನೋಡುವವರಿಲ್ಲ ಎಂದು ತಾಯಿ ಗಂಟು ಕಟ್ಟುತ್ತಾಳೆ. ಹಾಗಾಗಿ ದಾಖಲಿಸುವ ಮೊದಲೇ ಆ ಐದು ವರ್ಷದ ಹುಡುಗಿ ಯಾರ ಬಳಿ ಇರಬೇಕೆಂಬುದನ್ನು ನೀವು ಮಾತಾಡಿ ಮುಗಿಸಿರಿ.

ಉತ್ತರ: ಶೇಂಗಾ ಬೆಳೆಯುವ ರೈತ, ಮೊಳಕಾಲ್ಮೂರು ತಾಲ್ಲೂಕು

ಅಕ್ಕಂದಿರಿಬ್ಬರೂ ಅನುಭವದಿಂದ ಹೇಳಿದ್ದೀರಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಎರಡು ಚಮಚ ಶೇಂಗಾ ಪುಡಿ ಎಂದು ಸುಲಭವಾಗಿ ಬರೆದಿದ್ದೀರಿ. ಆ ಎರಡು ಚಮಚ ಆ ಮನೆಯಲ್ಲಿ ಏಕಿಲ್ಲ ಎಂಬುದನ್ನು ಶೇಂಗಾ ಬೆಳೆಯುವವನಾದ ನಾನು ಹೇಳಬೇಕು.

ನಮ್ಮದು ಮಳೆ ನಂಬಿದ ಬೇಸಾಯ. ಜೂನ್, ಜುಲೈನಲ್ಲಿ ಬಿತ್ತುತ್ತೇವೆ, ದೀಪಾವಳಿಯ ಆಸುಪಾಸಿನಲ್ಲಿ ಕೀಳುತ್ತೇವೆ. ಬೀಜಕ್ಕೂ ಗೊಬ್ಬರಕ್ಕೂ ಮಾಡಿದ ಸಾಲ ಕಣದ ಬಳಿಯೇ ಕಾದಿರುತ್ತದೆ. ಕಾಯಿ ಒಣಗಿದ ವಾರದೊಳಗೆ ಚೀಲಗಳು ಚಳ್ಳಕೆರೆಯ ಮಂಡಿಗೆ ಹೋಗುತ್ತವೆ, ಅಲ್ಲಿಂದ ಎಣ್ಣೆ ಗಿರಣಿಗೆ. ಹಿಂದೆ ಶೇಂಗಾದ ಸಾಲಿನ ನಡುವೆ ತೊಗರಿ, ಅಲಸಂದೆ, ಬದುವಿನಲ್ಲಿ ಔಡಲ ಹಾಕುತ್ತಿದ್ದರು. ನವಣೆ, ಸಾಮೆ, ಹುರುಳಿಗೆ ಬೇರೆಯೇ ತುಂಡು ಹೊಲವಿರುತ್ತಿತ್ತು. ಮನೆಗೆ ಬೇಕಾದ ಕಾಳು ಹೊಲದಿಂದಲೇ ಬರುತ್ತಿತ್ತು. ಈಗ ಹೊಲ ತುಂಬ ಒಂದೇ ಬೆಳೆ, ಅದೂ ಮಾರುವುದಕ್ಕೆ. ಶೇಂಗಾದ ನಾಡಿನಲ್ಲಿ ಕೂಸಿನ ತಟ್ಟೆಗೆ ಶೇಂಗಾ ಬೀಳದಿರುವುದು ಹೀಗೆ. ಎಮ್ಮೆಯ ಹಾಲು ಡೈರಿಗೆ ಹೋಗುವುದೂ ಇದೇ ಕಾರಣಕ್ಕೆ, ವಾರಕ್ಕೊಮ್ಮೆ ಕೈಗೆ ಸಿಗುವ ನಗದು ಆ ಮನೆಯಲ್ಲಿ ಅದೊಂದೇ ಇರಬಹುದು.

ಕಾರ್ಡಿನ ಅಕ್ಕಿಯ ಬಗ್ಗೆಯೂ ಒಂದು ಮಾತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ, ದಿನಕ್ಕೆ 167 ಗ್ರಾಂ ಆಯಿತು. ನಮ್ಮ ರಾಜ್ಯದ ಅನ್ನಭಾಗ್ಯ ಅದರ ಮೇಲೆ ಇನ್ನಷ್ಟು ಸೇರಿಸಿದೆ. ಅದರಿಂದ ಹಸಿವು ನೀಗಿದೆ, ಅದನ್ನು ಕಡಿಮೆಯೆಂದು ಹೇಳುವ ಮನಸ್ಸು ನನಗಿಲ್ಲ, ಏಕೆಂದರೆ ಅದಿಲ್ಲದ ಬರಗಾಲಗಳನ್ನು ನಮ್ಮ ತಂದೆಯವರು ಕಂಡಿದ್ದಾರೆ. ಆದರೆ ಅಕ್ಕಿಯಲ್ಲಿ ಬೇಳೆ ಇಲ್ಲ, ಸೊಪ್ಪಿಲ್ಲ, ಮೊಟ್ಟೆಯಿಲ್ಲ. ಅವುಗಳಿಗೆ ದುಡ್ಡೇ ಬೇಕು.

ದುಡ್ಡು ಬಿಗಿಯಾಗುವ ತಿಂಗಳುಗಳೂ ಗೊತ್ತಿರುವಂಥವೇ. ಬಿತ್ತನೆಯಿಂದ ಕೊಯ್ಲಿನವರೆಗೆ, ಅಂದರೆ ಆಷಾಢದಿಂದ ಆಶ್ವಯುಜದವರೆಗೆ, ಸಾರಿಗೆ ಬೇಳೆ ಇರುವುದಿಲ್ಲ, ಬರೀ ಉಪ್ಪುಸಾರು. ಅದೇ ತಿಂಗಳುಗಳಲ್ಲಿ ಕಳೆ ಕೀಳುವ ಕೆಲಸ ಹೆಚ್ಚು, ತಾಯಂದಿರು ಮನೆಯಲ್ಲಿರುವುದಿಲ್ಲ. ಹೊಸ ನೀರು ಬಂದು ಮಕ್ಕಳಿಗೆ ಭೇದಿಯಾಗುವುದೂ ಆಗಲೇ. ನಿಮ್ಮ ಕೂಸಿನ ತೂಕ ಯಾವ ತಿಂಗಳಿನಿಂದ ನಿಂತಿದೆ ಎಂದು ಪುಸ್ತಕದಲ್ಲಿ ತೆಗೆದು ನೋಡಿ. ಸಮೀಕ್ಷೆಯವರು ನಾಲ್ಕು ವಾರದ ಮಾತನ್ನು ಕೇಳಿದರು. ಸುಗ್ಗಿಯಲ್ಲಿ ಬಂದವರಿಗೆ ಶ್ರಾವಣ ಕಾಣಿಸುವುದಿಲ್ಲ.

ಗೃಹಲಕ್ಷ್ಮಿಯ 2000 ರೂಪಾಯಿ ಆ ಮನೆಯಲ್ಲಿ ಯಾರ ಖಾತೆಗೆ ಬರುತ್ತದೆ ಎಂದೂ ವಿಚಾರಿಸಿ. ಕಾರ್ಡಿನಲ್ಲಿ ಮನೆಯ ಯಜಮಾನಿಯೆಂದು ಅಜ್ಜಿಯ ಹೆಸರಿದ್ದರೆ ಹಣ ಅವರದು. ಆಗ ಮೊಟ್ಟೆಯ ಮಾತನ್ನು ತಾಯಿಯ ಬಳಿ ಆಡಿ ಫಲವಿಲ್ಲ, ಅಜ್ಜಿಯ ಬಳಿಯೇ ಆಡಬೇಕು. ಶೇಂಗಾ ಕೊಡುವಾಗ ಒಂದು ಎಚ್ಚರ: ಬೂಸ್ಟು ಹಿಡಿದ, ಸುಕ್ಕಾದ, ಕಹಿ ಬೀಜವನ್ನು ಕೂಸಿಗೆ ಕೊಡಲೇಬಾರದು, ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ವಿಷವಿರುತ್ತದೆ. ಮಾರಲು ಆಗದ್ದನ್ನು ಮನೆಗೆ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಇಡೀ ಬೀಜವೂ ಬೇಡ, ಗಂಟಲಿಗೆ ಸಿಕ್ಕೀತು. ಹುರಿದು ನುಣ್ಣಗೆ ಪುಡಿ ಮಾಡಿಯೇ ಕೊಡಬೇಕು.

ಉತ್ತರ: ಗೃಹವಿಜ್ಞಾನದ ಅಧ್ಯಾಪಕಿ, ದಾವಣಗೆರೆ

ಸಮೀಕ್ಷೆಯ ಬಗ್ಗೆ ಮಾತ್ರ ಎರಡು ಮಾತು. 1996ರಲ್ಲಿ ರೋಮಿನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯ ವ್ಯಾಖ್ಯಾನದಲ್ಲಿ ಎಲ್ಲ ಜನರಿಗೂ, ಎಲ್ಲ ಕಾಲದಲ್ಲೂ, ಸಾಕಷ್ಟು, ಸುರಕ್ಷಿತ ಹಾಗೂ ಪೌಷ್ಟಿಕ ಆಹಾರ ದೊರಕಬೇಕು ಎಂದಿದೆ. ಮನೆಗಳಲ್ಲಿ ಕೇಳುವ ಪ್ರಶ್ನಾವಳಿಯಾದರೋ ಮನೆಯ ದೊಡ್ಡವರ ಹಸಿವನ್ನೂ ಆತಂಕವನ್ನೂ ಅಳೆಯುತ್ತದೆ. ಕೂಸಿನ ಪೋಷಣೆಯನ್ನು ಅಳೆಯಲು ಅದನ್ನು ಮಾಡಿದ್ದಲ್ಲ. ಕೂಸಿಗೆ ಆಹಾರ, ಆರೈಕೆ, ಆರೋಗ್ಯ ಮೂರೂ ಒಟ್ಟಿಗೆ ಸಿಗಬೇಕೆಂದು ಯುನಿಸೆಫ್ 1990ರಲ್ಲೇ ತನ್ನ ಚೌಕಟ್ಟಿನಲ್ಲಿ ಹೇಳಿತ್ತು. ನಿಮ್ಮ ಹಟ್ಟಿಯ ಮನೆಯಲ್ಲಿ ಮೊದಲನೆಯದು ಅರ್ಧ ಇದೆ, ಎರಡನೆಯದು ಒಬ್ಬ ಮುದುಕಿಯ ಎರಡು ಕೈಗಳ ಮೇಲೆ ನಿಂತಿದೆ.

ಅದಕ್ಕಾಗಿ ಕೇಳುತ್ತೇನೆ: ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ನಡೆಯುತ್ತಿದೆಯೇ? ದುಡಿಯುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಅವನ್ನು ತೆರೆಯುವುದಾಗಿ ಸರ್ಕಾರ 2023ರಲ್ಲಿ ಹೇಳಿತ್ತು. ಹಗಲು ಅಲ್ಲಿ ಎರಡು ಹೊತ್ತು ಊಟ ಸಿಕ್ಕರೂ ಬಹಳವಾಯಿತು.

ಪ್ರಶ್ನೆ ಕೇಳಿದವರ ಮರುಬರಹ: ಐದು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ಹೇಳಿದಂತೆಯೇ ಮಾಡಿದೆ, ಕಂಡದ್ದನ್ನು ಬರೆಯುತ್ತೇನೆ.

ಒಲೆಯ ಪಕ್ಕ ಕೂತು ನೋಡಿದೆ. ಅಜ್ಜಿ ಒಂದು ದೊಡ್ಡ ಸ್ಟೀಲ್ ಲೋಟದ ನೀರಿಗೆ ಒಂದೂವರೆ ಚಮಚ ಹಿಟ್ಟು ಕದಡಿದರು. ಲೋಟವನ್ನು ಓರೆ ಮಾಡಿದರೆ ತಳದ ನಾಣ್ಯ ಕಾಣಿಸುವಷ್ಟು ತೆಳ್ಳಗಿತ್ತು. ಕೂಸು ಮುಕ್ಕಾಲು ಲೋಟ ಕುಡಿದು ಅಜ್ಜಿಯ ತೊಡೆಯ ಮೇಲೆಯೇ ನಿದ್ದೆ ಹೋಯಿತು. ಮಧ್ಯಾಹ್ನ ಎದ್ದು ಅತ್ತಾಗ ಅಕ್ಕ ಅಂಗಡಿಯಿಂದ ಐದು ರೂಪಾಯಿಯ ಪ್ಯಾಕೆಟ್ ತಂದು ಕೈಗೆ ಕೊಟ್ಟಳು. ಸಂಜೆ ತಾಯಿ ಬಂದ ಮೇಲೆ ಎದೆಹಾಲು, ಮನೆಯವರ ಜೊತೆ ನಾಲ್ಕು ತುತ್ತು ಮುದ್ದೆ. ಇಷ್ಟು ದಿನ ಆ ಮನೆಯ ಬಾಗಿಲಲ್ಲಿ ನಿಂತು "ಉಂಡಿತೇ?" ಎಂದು ಕೇಳುತ್ತಿದ್ದೆ, ಅಜ್ಜಿ "ಉಂಡೈತೆ" ಎನ್ನುತ್ತಿದ್ದರು, ಇಬ್ಬರೂ ನಿಜವನ್ನೇ ಆಡುತ್ತಿದ್ದೆವು.

ತೂಕದ ಪುಸ್ತಕ ತೆಗೆದು ನೋಡಿದೆ. ರೈತ ಅಣ್ಣನವರು ಹೇಳಿದ್ದು ನಿಜ, ಗೆರೆ ಜುಲೈನಿಂದ ಮಲಗಿದೆ. ಆ ತಿಂಗಳುಗಳಲ್ಲಿ ಮೂರು ಸಲ ಭೇದಿಯಾಗಿತ್ತಂತೆ, ನನಗೆ ಒಂದು ಸಲದ್ದು ಮಾತ್ರ ತಿಳಿದಿತ್ತು. ಆರೋಗ್ಯ ಕೇಂದ್ರದಲ್ಲಿ ತೋರಿಸಿದೆವು, ರಕ್ತ ಕಡಿಮೆಯಿದೆ, ಬೇರೆ ಕಾಯಿಲೆಯಿಲ್ಲ ಎಂದರು. ಕಬ್ಬಿಣದ ಸಿರಪ್ಪಿನ ಬಾಟಲಿ ದೇವರ ಗೂಡಿನಲ್ಲಿ ಮುಚ್ಚಳ ತೆಗೆಯದೆ ಇತ್ತು.

ಗೃಹಲಕ್ಷ್ಮಿಯ ಹಣ ಅಜ್ಜಿಯ ಖಾತೆಗೇ ಬರುತ್ತದೆ. ನಾನು ಮೊಟ್ಟೆಯ ಮಾತೆತ್ತಿದಾಗ ಅವರು ಸುಮ್ಮನಿದ್ದರು. ಮರುವಾರ ಹೋದಾಗ ಗೂಡಿನಲ್ಲಿ ನಾಲ್ಕು ಮೊಟ್ಟೆಗಳಿದ್ದವು, ಅವುಗಳ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಮೊಳಕೆ ರಾಗಿಯ ವಿಷಯದಲ್ಲಿ ಮಾತ್ರ ನಾನು ಕಲಿಸುವುದೇ ಬೇಕಾಗಲಿಲ್ಲ. ಅವರ ತಾಯಿ ಬಾಣಂತಿಯರಿಗೆ ಹಾಗೆಯೇ ಹಿಟ್ಟು ಮಾಡುತ್ತಿದ್ದರಂತೆ. ಬಟ್ಟೆಗಂಟನ್ನು ನೀರು ಚಿಮುಕಿಸಿ ಬೆಚ್ಚಗೆ ಇಡುವ ಕ್ರಮವನ್ನು ಅವರೇ ನನಗೆ ತೋರಿಸಿದರು. ಎಮ್ಮೆಯ ಹಾಲಿನಲ್ಲಿ ಒಂದು ಲೋಟ ಮನೆಯಲ್ಲಿ ಉಳಿಯುತ್ತಿದೆ. ಪುಷ್ಟಿಯ ಡಬ್ಬಿಯನ್ನು ಬೇರೆ ಮಾಡಿದ ಎರಡನೆಯ ದಿನವೇ ದೊಡ್ಡ ಹುಡುಗಿ ಅತ್ತಳು, ಆದ್ದರಿಂದ ಅವಳ ಹೆಸರಿನಲ್ಲೂ ಒಂದು ಚಿಕ್ಕ ಡಬ್ಬಿ ಇಡಿಸಿದ್ದೇನೆ. ನಮ್ಮ ಪಂಚಾಯಿತಿಯ ಕೂಸಿನ ಮನೆ ಹಟ್ಟಿಯಿಂದ ಮೂರು ಕಿಲೋಮೀಟರ್ ದೂರದಲ್ಲಿದೆ, ಅಲ್ಲಿಗೆ ಕಳುಹಿಸಲು ಆಗಲಿಲ್ಲ.

ಈಗ ತೂಕ 7.6 ಕೆಜಿ, ಪಟ್ಟಿ 12.2. ಇನ್ನೂ ಹಳದಿಯಲ್ಲೇ ಇದೆ.

ಒಂದು ಹೊಸ ತೊಡಕು ಬಂದಿದೆ. ಕೂಸಿನ ತಂದೆ ಹೆಂಡತಿಯನ್ನೂ ಕೂಸನ್ನೂ ಬೆಂಗಳೂರಿಗೆ ಕರೆಸಿಕೊಳ್ಳುತ್ತಿದ್ದಾರೆ, ಹೊರಡುವುದು ಮುಂದಿನ ಸೋಮವಾರ. ಅಜ್ಜಿಯೂ ದೊಡ್ಡ ಹುಡುಗಿಯೂ ಇಲ್ಲೇ ಉಳಿಯುತ್ತಾರೆ. ಎರಡು ಕೆಜಿ ಮೊಳಕೆ ಹಿಟ್ಟು, ಶೇಂಗಾ ಪುಡಿ, ಸಿರಪ್ಪಿನ ಬಾಟಲಿ ಕಟ್ಟಿಕೊಡಲು ಅಜ್ಜಿ ಒಪ್ಪಿದ್ದಾರೆ, ತೂಕ ಮತ್ತು ಅಳತೆಯನ್ನು ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟಿದ್ದೇನೆ. ಕಟ್ಟಡದ ಕೆಲಸದ ಶೆಡ್ಡುಗಳಲ್ಲಿ ಒಲೆ, ನೀರು ಹೇಗಿರುತ್ತದೆ, ಹಗಲು ಕೂಸನ್ನು ಯಾರ ಬಳಿ ಬಿಡುತ್ತಾರೆ, ಹತ್ತಿರದ ಅಂಗನವಾಡಿಯಲ್ಲಿ ಹೆಸರು ಸೇರಿಸಲು ತಾಯಿ ಏನನ್ನು ತೋರಿಸಬೇಕು ಎಂಬುದು ಬೆಂಗಳೂರಿನ ಕಾರ್ಯಕರ್ತೆಯರಿಗೆ ತಿಳಿದಿರುತ್ತದೆ. ಅಲ್ಲಿನವರು ಯಾರಾದರೂ ಓದುತ್ತಿದ್ದರೆ ಭಾನುವಾರದೊಳಗೆ ಬರೆಯಿರಿ; ಆಟೋ ಹತ್ತುವ ಮೊದಲು ಅವಳಿಗೆ ಹೇಳಿ ಕಳುಹಿಸುತ್ತೇನೆ.